ಒಟ್ಟಿಗೆ ಮೇಯಿಸಿದ ಮಾತ್ರೆಗಳು

ಒಂದಾನೊಂದು ಊರಿನಲ್ಲಿ ಅರವತ್ತು ಕುರಿಗಳಿಗೆ ಒಬ್ಬನೇ ದೊರೆಯಿದ್ದನಂತೆ. ಕಂಬಳಿಯೇ ಅವನ ಪೀತಾಂಬರ, ನಡೆದಷ್ಟೂ ಅವನ ರಾಜ್ಯ. ಕೆಂಚಕ್ಕಜ್ಜಿ ಹೀಗೆ ಶುರು ಮಾಡಿದರೆ ಅದು ಅವಳ ಗಂಡನದೇ ಕಥೆ. ಊರು ತಾಳ್ಯ, ದೊರೆ ನಮ್ಮಜ್ಜ ಬೋರಯ್ಯ. ಆ ಕಥೆಯ ಕೊನೆಯನ್ನು ಕೆಡಿಸಿದವಳು ನಾನು.

ಎರಡು ಸಾವಿರದ ನಾಲ್ಕರಲ್ಲಿ ಅಜ್ಜನ ರಕ್ತದಲ್ಲಿ ಕೊಲೆಸ್ಟ್ರಾಲ್ ಜಾಸ್ತಿಯಿದೆಯೆಂದು ಹೊಳಲ್ಕೆರೆಯ ಡಾಕ್ಟರು ದಿನಕ್ಕೊಂದು ಗುಲಾಬಿ ಮಾತ್ರೆ ಬರೆದರು. ವರ್ಷದ ಮೇಲೆ ಚಿಕ್ಕಪ್ಪ ರಂಗೇಶ್ ಅದರ ಬದಲು ಅಗ್ಗದ ಜನರಿಕ್ ಬರೆಸಿಕೊಂಡು ಬಂದ. ಔಷಧ ಅದೇ, ಹೆಸರು ಬೇರೆ, ಬಣ್ಣ ಬಿಳಿ. ಅಷ್ಟನ್ನು ಬಿಡಿಸಿ ಹೇಳುವ ತಾಳ್ಮೆ ಅವನಿಗಿರಲಿಲ್ಲ. ಇನ್ನು ಮೇಲೆ ಇದು ಎಂದು ಅಜ್ಜನ ಮಡಿಲಿಗೆ ಎಸೆದು ಹೋದ.

ಅಜ್ಜನ ಹತ್ತಿರ ಗುಲಾಬಿ ಮಾತ್ರೆ ಇನ್ನೂ ಎರಡು ತಿಂಗಳಿಗಾಗುವಷ್ಟಿತ್ತು. ಹೊಸ ಟಗರು ತಂದ ದಿನವೇ ಅವನು ಹಳೆಯದನ್ನು ಮಂದೆಯಿಂದ ಹೊಡೆದಟ್ಟುತ್ತಿರಲಿಲ್ಲ. ಎರಡನ್ನೂ ಒಂದಷ್ಟು ದಿನ ಒಟ್ಟಿಗೆ ಮೇಯಿಸಿ, ಹೊಸದು ಹೊಂದಿಕೊಂಡ ಮೇಲೆ ಹಳೆಯದನ್ನು ಬಿಡುತ್ತಿದ್ದ. ಮಾತ್ರೆಗೂ ಹಾಗೇ ಮಾಡಿದ. ಊಟವಾದ ಮೇಲೆ ಒಂದು ಗುಲಾಬಿ, ಒಂದು ಬಿಳಿ.

ತಿಂಗಳೊಳಗೆ ಅವನ ತೊಡೆಗಳು ಕಲ್ಲಾದವು. ಕೂತರೆ ಏಳಲಾರ. ಚಿಕ್ಕಪ್ಪ ಅವನ ನಡಿಗೆಯನ್ನು ಅಣಕಿಸಿ ಮನೆಯವರನ್ನು ನಗಿಸಿದ. ನಾನೂ ನಕ್ಕೆ. ಇನ್ನೆರಡು ವಾರದಲ್ಲಿ ಅಜ್ಜ ಮೊದಲಿನಂತೆ ಕುರಿಗಳ ಹಿಂದೆ ನಡೆಯದಿದ್ದರೆ ಮಂದೆಯನ್ನೇ ಕುರಿ ವ್ಯಾಪಾರಿ ಗೊಲ್ಲಪ್ಪನಿಗೆ ಕೊಟ್ಟುಬಿಡುವುದಾಗಿ ಚಿಕ್ಕಪ್ಪ ಸಾರಿದ.

ಅಂದು ಅಜ್ಜ ಎರಡೂ ಮಾತ್ರೆಯ ಖಾಲಿ ಶೀಟುಗಳನ್ನು ನನ್ನ ಕೈಗಿಟ್ಟ. ನಾನು ದಿನಾ ಬಸ್ಸಿನಲ್ಲಿ ಹೊಳಲ್ಕೆರೆಯ ಕಾಲೇಜಿಗೆ ಹೋಗುತ್ತಿದ್ದೆ.

“ಮೇಘವ್ವ, ಇವೆರಡೂ ಒಂದ್ಕೊಂದು ಹೊಂದ್ಕಂಡಾವೋ ಇಲ್ಲೋ, ಡಾಕ್ಟ್ರನ್ನ ಕೇಳ್ಕಂಡು ಬಾ. ನೀನು ಬ್ಯಾಡ ಅನ್ನಗಂಟ ನುಂಗ್ತಿರ್ತೀನಿ.”

ನಾಳೆಯೇ ಕೇಳಿ ಬರುತ್ತೇನೆಂದು ಮಾತು ಕೊಟ್ಟೆ.

ಮೊದಲ ದಿನ ಡಾಕ್ಟರ ಹತ್ತಿರ ಜನ ಜಾಸ್ತಿಯಿದ್ದರು. ಮರುದಿನ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ನನ್ನ ಹಗಲುಗನಸಿನ, ಏಳು ಕಡಲಾಚೆಯ ರಾಜಕುಮಾರನೊಬ್ಬನಿಗೆ ಹೆಸರು ಹುಡುಕುತ್ತ ಕೂತೆ. ಆಮೇಲಿನ ನೆಪಗಳು ನೆನಪಿಲ್ಲ. ಶೀಟುಗಳು ನೋಟ್‌ಬುಕ್ಕಿನೊಳಗೇ ಉಳಿದವು. ನಾನು ಬೇಡವೆನ್ನಲಿಲ್ಲ, ಅಜ್ಜ ನುಂಗುತ್ತಲೇ ಇದ್ದ.

ಗಡುವಿನ ದಿನ ಅವನು ಕೋಲೂರಿಕೊಂಡು ಮಂದೆ ಹೊರಡಿಸಿದ. ಹುಣಸೆಮರದ ತನಕ ಹೋಗಿ ಕುಸಿದ. ಕುರಿಗಳು ಮುಂದೆ ಹೋಗದೆ ಅವನ ಸುತ್ತ ನಿಂತವು. ಚಿಕ್ಕಪ್ಪ ಎತ್ತಲು ಹೋಗಲಿಲ್ಲ.

“ನಿನ್ನ ದೊರೆ ಅಲ್ಲೇ ಕುಂತ್ಕಂಡ್ನಲ್ಲವ್ವ,” ಎಂದ ಅಜ್ಜಿಗೆ, “ಹೋಗಿ ಚಾಮರ ಬೀಸು.”

ಮಧ್ಯಾಹ್ನದ ಹೊತ್ತಿಗೆ ಗೊಲ್ಲಪ್ಪ ಅರವತ್ತನ್ನೂ ಹೊಡೆದುಕೊಂಡು ಹೊರಕೆರೆದೇವಪುರದ ದಾರಿ ಹಿಡಿದಿದ್ದ.

ಮಾರನೆಯ ದಿನ ಡಾಕ್ಟರ ಮುಂದೆ ನಿಂತೆ. ಎರಡು ನಿಮಿಷವೂ ಹಿಡಿಯಲಿಲ್ಲ. ಎರಡೂ ಒಂದೇ ಔಷಧ, ದುಪ್ಪಟ್ಟು ತಿಂದದ್ದರಿಂದಲೇ ಕಾಲು ಹಿಡಿದಿರಬೇಕು, ಎರಡನ್ನೂ ಇವತ್ತೇ ನಿಲ್ಲಿಸಿ ರಕ್ತಪರೀಕ್ಷೆಗೆ ಕರೆದುಕೊಂಡು ಬಾ ಎಂದು ಗದರಿದರು.

ಅಜ್ಜ ಬರಿದಾದ ಕುರಿ ರೊಪ್ಪದ ಮುಂದೆ ಕೂತಿದ್ದ. ಡಾಕ್ಟರು ಹೇಳಿದ್ದೆಲ್ಲವನ್ನೂ ಒಪ್ಪಿಸಿದೆ.

“ಅಂಗಾರೆ ಕಾಲು ವಾಸಿ ಆಗ್ತಾವಾ?”

“ಆಗ್ತಾವಂತೆ ಅಜ್ಜ. ಒಂದೆರಡು ತಿಂಗ್ಳಿಗೆ ಮೊದ್ಲಿನಂಗೆ ನಡೀಬಹುದಂತೆ.”

“ಯಾವುದ್ರ ಹಿಂದೆ ನಡೀಲವ್ವ?”

ಎರಡೂ ಶೀಟುಗಳನ್ನು ಅವನ ಕೈಗೆ ಹಿಂದಿರುಗಿಸಿದೆ. ಕೇಳಿ ಬರುತ್ತೇನೆಂದಿದ್ದೆ, ಕೇಳಿ ಬಂದಿದ್ದೆ.