ಪುಸ್ತಕದ ಧರ್ಮತಾಯಿ

ಎಡಿತಾ ಸೊಬ್ರೆಪೆನ್ಯಾ ಹೊಸ ಪುಸ್ತಕಕ್ಕೆ ಮೊದಲು ಪ್ಲಾಸ್ಟಿಕ್ ಹೊದಿಕೆ ಹಾಕುತ್ತಾಳೆ, ಆಮೇಲೆ ಓದುತ್ತಾಳೆ. ನಮ್ಮ ಇಲೋಯಿಲೋ ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರೆಲ್ಲ ಜೂನ್ ಬಂತೆಂದರೆ ಈ ಕೆಲಸ ಮಾಡಿದವರೇ. ಆದರೆ ನಲವತ್ತು ದಾಟಿ, ತಲೆಯಲ್ಲಿ ಬಿಳಿಗೂದಲು ಇಣುಕಿದ ಮೇಲೂ ಬಿಡದೆ ಮಾಡುವವಳು ಇವಳೊಬ್ಬಳು. ಹೊದಿಕೆ ಹಾಕದೆ ಓದುವುದು ಅವಳ ಪ್ರಕಾರ ಕೈ ತೊಳೆಯದೆ ಊಟಕ್ಕೆ ಕೂತ ಹಾಗೆ. ಓದಿ ಮುಗಿಸಿದ ಮೇಲೆ ಪುಸ್ತಕ ಇಟ್ಟುಕೊಳ್ಳಲು ಲಾಯಕ್ಕಿಲ್ಲ ಅನ್ನಿಸಿದರೆ ಹೊದಿಕೆ ಬಿಚ್ಚಿ ಮಡಿಸಿಡುತ್ತಾಳೆ, ಪುಸ್ತಕವನ್ನು ಬಾಗಿಲ ಪಕ್ಕದ ಅಕ್ಕಿಚೀಲಕ್ಕೆ ಹಾಕುತ್ತಾಳೆ. ಬೇಕಾದವರು ತೆಗೆದುಕೊಂಡು ಹೋಗಬಹುದು. ಹೊದಿಕೆಯ ಸಮೇತ ಕಪಾಟು ಸೇರುವ ಭಾಗ್ಯ ಕೆಲವಕ್ಕೆ ಮಾತ್ರ.

ಹಗಲೆಲ್ಲ ಅವಳು ಹಾರೋ ಎಂಬ ಚೌಕದ ಹತ್ತಿರ ಕನ್ನಡಕದ ಅಂಗಡಿಯಲ್ಲಿ ಕೂತು ಬೇರೆಯವರ ಮೂಗಿಗೆ ಚೌಕಟ್ಟು ಕೂರಿಸುತ್ತಾಳೆ. ಮನೆಗೆ ಬಂದರೆ ಓದು. ಓದುವುದೂ ಏನು? ಹದಿಹರೆಯದವರಿಗೆಂದು ಬರೆದ ಮಾಯಾಲೋಕದ ಕಾದಂಬರಿಗಳು, ಪ್ರೇಮದ ಕಾದಂಬರಿಗಳು. ಓದಿ ತನಗೆ ಅನ್ನಿಸಿದ್ದನ್ನು ಅಂತರ್ಜಾಲದ ತನ್ನ ಪುಟದಲ್ಲಿ ಕಡ್ಡಿ ಮುರಿದ ಹಾಗೆ ಬರೆಯುತ್ತಾಳೆ. ಬೆಳ್ಳಿಗಣ್ಣಿನ ರಾಜಕುಮಾರ ಬಂದನೋ, ಅವನ ದವಡೆ ಬಿಗಿಯಿತೋ, ಮುಗಿಯಿತು, ಎಡಿತಾಗೆ ಮೈಯೆಲ್ಲ ಉರಿ. ಮುನ್ನೂರು ವರ್ಷ ಬದುಕಿದವನಿಗೆ ಹದಿನೇಳರ ಹುಡುಗಿಯೇ ಬೇಕೆ, ಅವನ ಓರಗೆಯ ಮುದುಕಿಯರೆಲ್ಲ ಎಲ್ಲಿ ಹೋದರು ಎಂದು ಒಮ್ಮೆ ಬರೆದಿದ್ದಳು. ಇನ್ನೊಮ್ಮೆ, ಪುಸ್ತಕದ ಮೊದಲ ಪುಟದಲ್ಲೇ ಭೂಪಟ ಹಾಕಿದವರು ದಾರಿ ತಪ್ಪುವುದು ಗ್ಯಾರಂಟಿ ಎಂದಳು. ಕತ್ತಿ ಹಿಡಿದು ಸೈನ್ಯವನ್ನೇ ಓಡಿಸುವ ನಾಯಕಿ, ಹುಡುಗನೊಬ್ಬ ಹತ್ತಿರ ಬಂದೊಡನೆ ಮೆಟ್ಟಿಲು ಎಡವಿ ಅವನ ತೋಳಿಗೇ ಬೀಳುವುದನ್ನಂತೂ ಅವಳು ಯಾರಿಗೂ ಕ್ಷಮಿಸಿದ್ದಿಲ್ಲ.

ಪಕ್ಕದ ಮನೆಯಲ್ಲಿರುವ ಅವಳ ಚಿಕ್ಕಮ್ಮನ ಮಗಳು ಬೆಬೆಟ್ ಇದನ್ನೆಲ್ಲ ನೋಡಿ ನಗುತ್ತಿದ್ದಳು. ಮದುವೆಯಾಗೋ ವಯಸ್ಸಲ್ಲಿ ಗಂಡಸರಲ್ಲಿ ತಪ್ಪು ಹುಡುಕಿದೆ, ಈಗ ಪುಸ್ತಕದ ಗಂಡಸರನ್ನೂ ಬಿಡ್ತಿಲ್ಲ ಎಂದು ಚುಚ್ಚುತ್ತಿದ್ದಳು. ಎಡಿತಾ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ತಲೆ ಕೆಡಿಸಿಕೊಳ್ಳುತ್ತಿದ್ದದ್ದು ಒಂದೇ ವಿಷಯಕ್ಕೆ. ಎದುರಿನ ಗಿಮಾರಾಸ್ ದ್ವೀಪದಿಂದ ಕ್ಲಾರಿಬೆಲ್ ಎಂಬ ಶಾಲೆಯ ಹುಡುಗಿ ಅವಳ ಪುಟದಲ್ಲಿ ಬರೆದಿದ್ದಳು: ತಾನು ವರ್ಷಕ್ಕೆ ಒಂದೇ ಪುಸ್ತಕ ಕೊಳ್ಳುವುದು, ಅದೂ ಎಡಿತಾ ಅಕ್ಕ ಹೇಳಿದ್ದನ್ನೇ ಕೊಳ್ಳುವುದು. ಅಂಥವರು ಎಷ್ಟು ಜನರಿದ್ದರೋ. ಅಂದಿನಿಂದ ಎಡಿತಾ ಒಂದು ಸಾಲು ಬರೆಯುವಾಗಲೂ ಆ ಹುಡುಗಿ ಎದುರು ಕೂತಂತೆ ಬರೆಯುತ್ತಿದ್ದಳು. ತನ್ನ ಮಾತು ಸುಳ್ಳಾದರೆ ತನ್ನ ಹತ್ತಿರ ಬೇರೆ ಏನೂ ಉಳಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ವಿಲ್ಮಾ ಅವಳನ್ನು ಸಿಕ್ಕಿಸಿದಳು.

ವಿಲ್ಮಾ ಲಾ ಪಾಸ್ ಮಾರುಕಟ್ಟೆಯಲ್ಲಿ ಬಾಚೊಯ್ ಅಂಗಡಿ ಇಟ್ಟವಳು. ಎಲುಬಿನ ಸಾರಿನಲ್ಲಿ ಶಾವಿಗೆ, ಮೇಲೆ ಹುರಿದ ಬೆಳ್ಳುಳ್ಳಿ, ಬೇಕಾದವರಿಗೆ ನೆಣ. ಗಂಡ ಸತ್ತ ಮೇಲೆ ಆ ಹಂಡೆಯೊಂದನ್ನೇ ನಂಬಿ ಮಗಳು ಜೊವೆಲಿನ್‌ಳನ್ನು ಕಾಲೇಜಿಗೆ ಕಳಿಸಿದವಳು. ಆ ಶನಿವಾರ ಎಡಿತಾ ಬಟ್ಟಲ ಮುಂದೆ ಕೂತಿದ್ದಾಗ ವಿಲ್ಮಾ ಕೈ ಒರೆಸಿಕೊಂಡು ಬಂದು ಎದುರಿಗೇ ಕೂತಳು. ಮಗಳು ಪುಸ್ತಕ ಬರೆದಿದ್ದಾಳೆ, ಅಚ್ಚಾಗಿಯೂ ಬಂದಿದೆ, ಸಮುದ್ರದ ತಳದ ರಾಣಿಯ ಕತೆಯಂತೆ ಎಂದಳು. ತಾನು ಓದಿಲ್ಲ, ಓದಲು ಪುರುಸೊತ್ತೆಲ್ಲಿ ಎಂದಳು. ಹೊಗಳುತ್ತ ಹೊಗಳುತ್ತ ದೂರನ್ನೂ ಹೇಳಿದಳು: ಊರೆಲ್ಲ ಚಪ್ಪರಿಸುವ ಸಾರು ಆ ಹುಡುಗಿಗೆ ಮಾತ್ರ ಹಿಡಿಸುವುದಿಲ್ಲ, ಚಿಕ್ಕವಳಿದ್ದಾಗಿನಿಂದ ಉಪ್ಪು ಜಾಸ್ತಿ ಅಂತ ದಿನಾ ಅರ್ಧ ಬಿಡುತ್ತಾಳೆ. ಆಮೇಲೆ ಸುತ್ತಲಿನ ಮೇಜುಗಳಿಗೆಲ್ಲ ಕೇಳುವ ಹಾಗೆ ಕೇಳಿದಳು.

"ಪಾದ್ರಿಗಳನ್ನ ಕರೆಸಿ ಪುಸ್ತಕಕ್ಕೆ ತೀರ್ಥ ಹಾಕಿಸ್ತಾ ಇದೀನಿ. ನೀವೇ ಅದಕ್ಕೆ ನಿನಾಂಗ್ ಆಗ್ಬೇಕು."

ನಿನಾಂಗ್ ಅಂದರೆ ಧರ್ಮತಾಯಿ. ಮಗುವಿಗಷ್ಟೇ ಅಲ್ಲ, ನಮ್ಮಲ್ಲಿ ಹೊಸ ಅಂಗಡಿಗೂ ಜೀಪಿಗೂ ತೀರ್ಥ ಹಾಕಿಸುವಾಗ ಒಬ್ಬಳು ಪಕ್ಕದಲ್ಲಿ ನಿಲ್ಲಬೇಕು. ಕೇಳಿದಾಗ ಆಗುವುದಿಲ್ಲ ಎನ್ನುವ ಹಾಗಿಲ್ಲ. ಅಂದುಬಿಟ್ಟರೆ ಆ ಮಗುವಿಗೆ ಕೇಡು, ಇದು ಹಾಲುಗಲ್ಲದ ಹುಡುಗರಿಗೂ ಗೊತ್ತು. ಎಡಿತಾ ಬಾಯಲ್ಲಿದ್ದ ಶಾವಿಗೆ ನುಂಗುವಷ್ಟರಲ್ಲೇ ಹೂಂ ಅಂದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸುದ್ದಿ ಕೇಳಿ ಬೆಬೆಟ್ ಕೇಳಿದ್ದು ಒಂದೇ ಪ್ರಶ್ನೆ. "ಓದಿದೀಯೇನೇ ಅದನ್ನ?"

ಓದಿರಲಿಲ್ಲ. ಓದದೆ ಹೂಂ ಅನ್ನುವ ಈ ತಪ್ಪನ್ನು ಬೇರೆ ಊರಿನವರು ಮಾಡಲಿಕ್ಕಿಲ್ಲ.

ಅದೇ ಸಂಜೆ ಎಡಿತಾ "ಏಳನೆಯ ಹವಳದ ರಾಣಿ"ಗೆ ಹೊದಿಕೆ ಹಾಕಿ, ಮೂಲೆಗಳನ್ನು ಒತ್ತಿ, ಓದಲು ಕೂತಳು. ಮೊದಲ ಪುಟದಲ್ಲೇ ಭೂಪಟ. ಎರಡನೆಯ ಅಧ್ಯಾಯದಲ್ಲಿ ತೋಳಗಳು ಬಂದವು, ಹಿಮ ಬಿತ್ತು. ಸಮುದ್ರದ ತಳದಲ್ಲಿ ಹಿಮ. ಬರೆದವಳು ಐಸ್‌ಕ್ಯಾಂಡಿ ಬಿಟ್ಟರೆ ಬೇರೆ ಹಿಮ ಕಂಡವಳಲ್ಲ. ಬೆಳ್ಳಿಗಣ್ಣಿನ ರಾಜಕುಮಾರ ಬಂದ, ದವಡೆ ಬಿಗಿದ. ಒಳ್ಳೆಯ ಹುಡುಗನೊಬ್ಬ ಮೂಲೆಯಲ್ಲಿ ನಿಂತು ನಿಟ್ಟುಸಿರು ಬಿಟ್ಟ. ನಾಯಕಿ ಸೆಲೆಸ್ತ್ರಿಯಾ ನೀರಿನೊಳಗೂ ಎಡವಿ ಬಿದ್ದಳು. ನೀರಿನಲ್ಲಿ ಬೀಳುವುದು ಹೇಗೆ ಎಂದು ಎಡಿತಾ ಪುಸ್ತಕ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದಳು.

ಒಂದು ಅಧ್ಯಾಯ ಮಾತ್ರ ಬೇರೆ ಇತ್ತು. ರಾಣಿಯಾಗುವ ಮೊದಲು ಆ ಹುಡುಗಿಯನ್ನು ಸಾಕಿದವಳು ಅರಮನೆಯ ಅಡಿಗೆಯವಳು. ದಿನವೂ ಮಗುವಿಗೆ ಬಡಿಸಿ, ನನ್ನದಾಯಿತು, ನೀನು ಉಣ್ಣು ಎಂದು ಆಕೆ ಬೆನ್ನು ತಿರುಗಿಸುತ್ತಾಳೆ. ಒಂದು ದಿನ ಮಗು ಮಲಗಿದ ಹಾಗೆ ನಟಿಸಿ ಕಿವಿಗೊಟ್ಟರೆ, ಪಾತ್ರೆಯ ತಳ ಕೆರೆಯುವ ಚಮಚದ ಸದ್ದು. ಮಾರನೆಯ ದಿನದಿಂದ ಮಗು ಅರ್ಧ ಉಂಡು ಬಟ್ಟಲನ್ನು ಆಚೆ ತಳ್ಳುತ್ತದೆ. ಉಪ್ಪು ಜಾಸ್ತಿ ಅನ್ನುತ್ತದೆ. ಅಡಿಗೆಯವಳು ಬೈಯುತ್ತ ಬೈಯುತ್ತ ಆ ಉಳಿದದ್ದನ್ನು ಉಣ್ಣುತ್ತಾಳೆ. ಅಷ್ಟೇ. ಅದರಲ್ಲಿ ಹಿಮವಿಲ್ಲ, ದವಡೆಯಿಲ್ಲ. ಎಡಿತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅಳು ಬಂದಿದ್ದಕ್ಕೆ ಅವಳಿಗೆ ಸಿಟ್ಟೂ ಬಂತು.

ಮುಂದಿನ ಅಧ್ಯಾಯದಲ್ಲಿ ಮತ್ತೆ ತೋಳಗಳು ಬಂದವು.

ಈಗ ಅವಳಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಪುಸ್ತಕ ಚೆನ್ನಾಗಿದೆ ಎಂದರೆ ಸುಳ್ಳು. ಇಲ್ಲ ಎಂದರೆ ತಾನೇ ಕೈಹಿಡಿದ ಮಗುವಿಗೆ ತಾನೇ ಶಾಪ ಹಾಕಿದಂತೆ. ಸುಮ್ಮನಿದ್ದುಬಿಡೋಣವೆಂದರೆ, ಎಡಿತಾ ಒಂದು ಪುಸ್ತಕದ ಬಗ್ಗೆ ಬಾಯಿ ಬಿಡಲಿಲ್ಲವೆಂದರೆ ಅದಕ್ಕಿಂತ ಕೆಟ್ಟ ಮಾತಿಲ್ಲ ಎಂಬುದು ಅವಳ ಓದುಗರಿಗೆಲ್ಲ ಗೊತ್ತು. ಪುಟದಲ್ಲಿ ಆಗಲೇ ಕೇಳುತ್ತಿದ್ದರು, ನಮ್ಮ ಊರ ಹುಡುಗಿಯ ಪುಸ್ತಕ ಹೇಗಿದೆ ಅಕ್ಕ ಎಂದು. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಧರ್ಮತಾಯಿಗೂ ಮುದ್ದಾಗಬೇಕೆಂದು ಎಲ್ಲಿ ಬರೆದಿದೆ?

ತೀರ್ಥದ ದಿನ ವಿಲ್ಮಾ ಅಂಗಡಿ ಮುಚ್ಚಿದ್ದಳು. ಗಂಡನ ಮಣ್ಣಿನ ದಿನ ಬಿಟ್ಟರೆ ಅದು ಮುಚ್ಚಿದ್ದು ಯಾರೂ ಕಂಡಿರಲಿಲ್ಲ. ಚೌಕದ ಪುಸ್ತಕದಂಗಡಿಯಲ್ಲಿ ಮೀನಿನವರು, ತರಕಾರಿಯವರು, ಎಲ್ಲ ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಕೂತಿದ್ದರು. ಪಾದ್ರಿಗಳು ಪುಸ್ತಕದ ರಾಶಿಗೆ ತೀರ್ಥ ಚಿಮುಕಿಸಿದರು, ಮೇಲಿನವು ಸ್ವಲ್ಪ ಒದ್ದೆಯಾದವು. ಜೊವೆಲಿನ್ ಉಗುರು ಕಚ್ಚುತ್ತ ನಿಂತಿದ್ದಳು. ಹತ್ತೊಂಬತ್ತರ ಹುಡುಗಿ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ತನ್ನ ರಾಣಿಗಿಂತ ಹೆಚ್ಚು ಹೆದರಿದ್ದಳು. ಎರಡು ಮಾತಾಡಿ ಎಂದು ಧರ್ಮತಾಯಿಯನ್ನು ಕರೆದರು.

ಎಡಿತಾ ಎರಡು ಮಾತೂ ಆಡಲಿಲ್ಲ. ಪುಸ್ತಕ ತೆಗೆದು ಆ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಹುಟ್ಟಿದಾಗಿನಿಂದ ಕತೆಪುಸ್ತಕ ಮುಟ್ಟದ, ಮೀನು ಮಾರುವ ಹೆಂಗಸರು ಬೀಸಣಿಗೆ ನಿಲ್ಲಿಸಿದರು. ಚಮಚದ ಸದ್ದಿನ ಹತ್ತಿರ ಬಂದಾಗ ವಿಲ್ಮಾ ತಲೆ ತಗ್ಗಿಸಿದಳು. ಉಪ್ಪಿನ ಮಾತು ಬಂದಾಗ ತಲೆಯೆತ್ತಿ ಮಗಳನ್ನೇ ನೋಡಿದಳು. ಓದು ಮುಗಿದರೂ ನೋಡುತ್ತಲೇ ಇದ್ದಳು.

"ಅದಕ್ಕೇ ಏನೇ ದಿನಾ ಉಪ್ಪು ಅಂತಿದ್ದದ್ದು?"

ಜೊವೆಲಿನ್‌ಳ ಕಾಡಿಗೆಯೆಲ್ಲ ಕೆನ್ನೆಗೆ ಇಳಿದಿತ್ತು. ಪಾದ್ರಿಗಳೂ ಮೂಗೊರೆಸಿಕೊಂಡರು. ರಾಶಿ ಕರಗಿತು, ಒದ್ದೆಯಾದವೂ ಹೋದವು.

ತಾನು ಸುಳ್ಳೂ ಆಡಲಿಲ್ಲ, ಮಗುವನ್ನೂ ಬಿಟ್ಟುಕೊಡಲಿಲ್ಲ ಎಂದು ಎಡಿತಾ ನೆಮ್ಮದಿಯಾಗಿ ಒಂದು ಬಿಸ್ಕತ್ತು ಕೈಗೆತ್ತಿಕೊಳ್ಳುವಷ್ಟರಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳು ಹತ್ತಿರ ಬಂದಳು. ತಾನು ಕ್ಲಾರಿಬೆಲ್, ಇದಕ್ಕೆಂದೇ ಬೆಳಗಿನ ದೋಣಿ ಹಿಡಿದು ಬಂದೆ ಎಂದಳು. ಪುಸ್ತಕವನ್ನು ಎದೆಗವಚಿಕೊಂಡಿದ್ದಳು.

"ನೀವು ಓದಿದ್ದು ಕೇಳಿ ತಗೊಂಡೆ ಅಕ್ಕ. ಈ ವರ್ಷದ್ದು ಇದೇ."

ಬೇಡ, ವಾಪಸು ಕೊಡು ಎನ್ನಬಹುದಿತ್ತು. ಎರಡು ಹೆಜ್ಜೆ ಆಚೆ ಜೊವೆಲಿನ್ ಸಹಿ ಹಾಕುತ್ತಿದ್ದಳು, ಪಕ್ಕದಲ್ಲಿ ವಿಲ್ಮಾ ಮಗಳ ಬೆನ್ನು ಸವರುತ್ತಿದ್ದಳು. ಎಡಿತಾ ಹುಡುಗಿಯ ತಲೆ ನೇವರಿಸಿ, ಹುಷಾರಾಗಿ ಹೋಗು ಎಂದಳು. ಬಿಸ್ಕತ್ತು ತಿನ್ನಲಾಗಲಿಲ್ಲ. ಒಳ್ಳೆಯದೊಂದನ್ನೇ ಆರಿಸಿ ಓದಿದ್ದು ಸುಳ್ಳಲ್ಲದೆ ಇನ್ನೇನು ಎಂದು ಮನೆಯವರೆಗೂ ತನ್ನನ್ನೇ ಬೈದುಕೊಂಡಳು.

ಬಟ್ಟೆಯನ್ನೂ ಬದಲಿಸದೆ ಬರೆಯಲು ಕೂತಳು. ಈ ಪುಸ್ತಕಕ್ಕೆ ನಾನು ಧರ್ಮತಾಯಿ, ಆದ್ದರಿಂದ ಇದನ್ನು ಎರಡು ಸಲ ಓದಿದ್ದೇನೆ, ಬೇರೆ ಯಾವುದಕ್ಕೂ ಅಷ್ಟು ಮರ್ಯಾದೆ ಕೊಟ್ಟಿಲ್ಲ ಎಂದು ಶುರುಮಾಡಿದಳು. ಹಿಮ, ತೋಳ, ಬೆಳ್ಳಿಗಣ್ಣು ಎಲ್ಲವೂ ಬೇರೆಯವರ ಮನೆಯಿಂದ ಕಡ ತಂದವು, ತಂದವಳಿಗೆ ಅವುಗಳ ಅಳತೆ ಸರಿಹೊಂದಿಲ್ಲ ಎಂದಳು. ಅಡಿಗೆಮನೆಯ ಅಧ್ಯಾಯ ಮಾತ್ರ ಅವಳದ್ದೇ, ಅದನ್ನು ಅಂಗಡಿಯಲ್ಲಿ ನಿಂತೇ ಓದಿ ಎಂದಳು. ವರ್ಷಕ್ಕೆ ಒಂದೇ ಪುಸ್ತಕ ಕೊಳ್ಳುವವರು ಇದನ್ನು ಕೊಳ್ಳಬೇಡಿ, ಈ ಹುಡುಗಿಯ ಎರಡನೆಯದಕ್ಕೆ ಕಾಯಿರಿ ಎಂದು ಮುಗಿಸಿದಳು. ಮುಗಿಸಿದವಳೇ ಎಲ್ಲರಿಗೂ ಕಾಣುವಂತೆ ಹಾಕಿಬಿಟ್ಟಳು.

ಮೊದಲು ಕೇಳಿದವಳು ಕ್ಲಾರಿಬೆಲ್. ಇದನ್ನ ಅಲ್ಲೇ ಹೇಳಬಾರದಿತ್ತಾ ಅಕ್ಕ ಎಂದಿದ್ದಳು. ಎಡಿತಾ ತನ್ನ ಕಪಾಟಿನಿಂದ ತನಗೆ ತೀರಾ ಇಷ್ಟದ ಒಂದನ್ನು ತೆಗೆದು ಹೊದಿಕೆಯ ಸಮೇತ ದೋಣಿಯಲ್ಲಿ ಕಳಿಸಿದಳು.

ಮುಂದಿನ ಶನಿವಾರ ಎಡಿತಾ ಹೋದಾಗ ವಿಲ್ಮಾ ಬಟ್ಟಲು ತಂದು ಮೇಜಿನ ಮೇಲೆ ಕುಕ್ಕಿದಳು. ಬೆಳ್ಳುಳ್ಳಿಯಿಲ್ಲ, ನೆಣವಿಲ್ಲ, ಸಾರು ಉಗುರುಬೆಚ್ಚಗಿತ್ತು.

"ಸ್ವಂತ ಮಗೂನ ಹೀಗೆ ಬೀದೀಲಿ ನಿಲ್ಲಿಸೋದನ್ನ ನಾನೆಲ್ಲೂ ನೋಡಿಲ್ಲಮ್ಮ," ಎಂದು ಹಂಡೆಯ ಕಡೆ ತಿರುಗಿಕೊಂಡೇ ಹೇಳಿದಳು.

ಎಡಿತಾ ಪೂರ್ತಿ ತಿಂದು ಎದ್ದು ಬಂದಳು. ಅವಳಿಗೆ ನೋವಾಗಿತ್ತು, ನಾಚಿಕೆಯೂ ಆಗಿತ್ತು. ಆದರೆ ಬರೆದ ಒಂದು ಸಾಲನ್ನೂ ಅಳಿಸಬೇಕೆನ್ನಿಸಲಿಲ್ಲ. ಆಮೇಲೆ ಆ ಕಡೆ ಹೋಗುವುದನ್ನು ಬಿಟ್ಟಳು. ಬೆಬೆಟ್ ಮಾತ್ರ, ಗಂಡಸರಾಯಿತು, ಪುಸ್ತಕವಾಯಿತು, ಈಗ ಊಟವನ್ನೂ ಕಳೆದುಕೊಂಡೆ ನೋಡು ಎಂದಳು.

ಕ್ರಿಸ್‌ಮಸ್ ದಿನ ನಮ್ಮೂರಲ್ಲಿ ಧರ್ಮತಾಯಂದಿರೆಲ್ಲ ಅಡಗಿಕೊಳ್ಳುತ್ತಾರೆ. ಧರ್ಮದ ಮಕ್ಕಳು ಸಾಲುಗಟ್ಟಿ ಉಡುಗೊರೆಗೆ ಬರುತ್ತಾರಲ್ಲ, ಅದಕ್ಕೆ. ಎಡಿತಾಗೂ ಊರತುಂಬ ಅಂಥ ಮಕ್ಕಳು. ಬೆಳಗಿನ ಪೂಜೆ ಮುಗಿಸಿ ಬಂದವಳೇ ಪರದೆ ಎಳೆದು, ರೇಡಿಯೋ ಆರಿಸಿ, ಉಸಿರು ಬಿಗಿಹಿಡಿದು ಓದುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು. ಸುಮ್ಮನಿದ್ದಳು.

"ನಿನಾಂಗ್, ನೀವು ಒಳಗಿದೀರ ಅಂತ ಬೆಬೆಟ್ ಆಂಟಿ ಹೇಳಿದ್ರು," ಎಂದಳು ಜೊವೆಲಿನ್ ಹೊರಗಿನಿಂದ.

ಎಡಿತಾ ಬೆಬೆಟ್‌ಗೆ ಹಿಡಿಶಾಪ ಹಾಕುತ್ತ ಬಾಗಿಲನ್ನು ಒಂದಿಷ್ಟೇ ತೆರೆದಳು. ಹುಡುಗಿ ಒಳಗೆ ಬರಲಿಲ್ಲ. ನಿಂತಲ್ಲೇ ಬಾಗಿಲ ಪಕ್ಕದ ಅಕ್ಕಿಚೀಲಕ್ಕೆ ಬಗ್ಗಿ ನೋಡಿದಳು. ಮೇಲಿದ್ದವನ್ನು ಸರಿಸಿ ಕೆಳಗಿನವನ್ನೂ ನೋಡಿದಳು, ಎಡಿತಾ ಬೇಡವೆನ್ನಲಿಲ್ಲ. ಅಲ್ಲಿ ಬೆಳ್ಳಿಗಣ್ಣಿನವರು ಬೇಕಾದಷ್ಟಿದ್ದರು, ಏಳನೆಯ ಹವಳದ ರಾಣಿ ಇರಲಿಲ್ಲ. ಜೊವೆಲಿನ್ ಎದ್ದು ಒಳಗಿನ ಕಪಾಟಿನ ಕಡೆ ಕತ್ತು ಚಾಚಿದಳು. ಮೇಲಿನ ಸಾಲಿನಲ್ಲಿ, ಕ್ಲಾರಿಬೆಲ್‌ಗೆ ಕಳಿಸಿದ ಪುಸ್ತಕದಿಂದ ತೆರವಾದ ಜಾಗದಲ್ಲಿ, ಅವಳ ಪುಸ್ತಕ ಹೊದಿಕೆಯ ಸಮೇತ ನಿಂತಿತ್ತು.

"ಕೊಳ್ಬೇಡಿ ಅಂತ ಬರೆದ್ರಿ," ಎಂದಳು.

"ಬರೆದೆ. ಈಗಲೂ ಅದೇ ಹೇಳ್ತೀನಿ," ಎಂದಳು ಎಡಿತಾ. "ನಾನು ಇಟ್ಕೋಬಾರ್ದು ಅಂತ ಬರೀಲಿಲ್ಲವಲ್ಲ."

ಹುಡುಗಿ ಚಪ್ಪಲಿಯಿಂದ ನೆಲ ಕೆರೆದಳು. ಆಮೇಲೆ ಬೆನ್ನ ಹಿಂದೆ ಇಟ್ಟುಕೊಂಡಿದ್ದ ಬಟ್ಟೆ ಕಟ್ಟಿದ ಪಾತ್ರೆಯನ್ನು ಮುಂದೆ ಚಾಚಿದಳು. ಹುರಿದ ಬೆಳ್ಳುಳ್ಳಿಯ ವಾಸನೆ ಬಂತು.

"ಅಮ್ಮ ಕಳಿಸಿದ್ದಲ್ಲ. ನಾನೇ ತಂದೆ. ಅಮ್ಮಂಗೆ ನಿಮ್ಮ ಮೇಲೆ ಇನ್ನೂ ಸಿಟ್ಟಿದೆ," ಎಂದಳು. ಆಮೇಲೆ ಸೇರಿಸಿದಳು. "ಆದ್ರೆ ಈಗ ದಿನಾ ನನ್ನ ಜೊತೆ ಕೂತೇ ಉಣ್ತಾಳೆ."

ಎಡಿತಾ ಪಾತ್ರೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅದು ಇನ್ನೂ ಬಿಸಿಯಾಗಿತ್ತು. ಸಾರಿಗೆ ಉಪ್ಪು ಹೇಗಿದೆ ಎಂದು ಕೇಳಿದಳು.

"ಯಾವತ್ತೂ ಸರಿಯಾಗೇ ಇತ್ತು, ನಿನಾಂಗ್," ಎಂದಳು ಜೊವೆಲಿನ್.

ಎಡಿತಾ ಕಾಲಿನಿಂದ ತಳ್ಳಿ ಬಾಗಿಲನ್ನು ಪೂರ್ತಿ ತೆರೆದಳು.