ಪಂಜುರ್ಲಿಯ ಎಡಗಿವಿ

ನನ್ನ ಗಂಡ ಲೋಕಯ್ಯ ಮಾತನಾಡಿದರೆ ಮುತ್ತು ಉದುರಿಹೋಗುತ್ತದೇನೋ ಎಂಬಂತೆ ಬದುಕಿದವರು. ಮದುವೆಯಾದ ಹೊಸದರಲ್ಲಿ ಅದನ್ನು ಗಾಂಭೀರ್ಯ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅರ್ಧ ಗಾಂಭೀರ್ಯ, ಇನ್ನರ್ಧ ಹೆದರಿಕೆ.

ಕಾವೂರಿನ ಅವರ ಕುಟುಂಬದ ಮೂಲಮನೆಯಾದ ತರವಾಡಿನ ದೈವದ ಕೋಣೆಯಿಂದ ಪಂಜುರ್ಲಿಯ ಮೊಗ ಕಳವಾದ ಮೇಲೆ ಇದ್ದ ಮಾತೂ ನಿಂತಿತು. ಮೊಗ ಎಂದರೆ ಹಂದಿಯ ರೂಪದ ಹಿತ್ತಾಳೆಯ ಮುಖವಾಡ. ವರ್ಷದ ನೇಮದ ದಿನ ದೈವ ಪಾತ್ರಿಯ ಮೈಮೇಲೆ ಬಂದು, ಅದನ್ನು ಧರಿಸಿ ಕುಣಿದು ನುಡಿ ಕೊಡುತ್ತದೆ. ಉಳಿದ ದಿನಗಳಲ್ಲಿ ಅದು ತೂಗುಮಂಚದ ಮೇಲೆ ಕುಳಿತು ಮನೆಯವರ ಕಷ್ಟ ಕೇಳುತ್ತದೆ. ಯಜಮಾನಿಕೆ ಇವರದಾದ್ದರಿಂದ ಕುಟುಂಬದವರ ಕಣ್ಣೆಲ್ಲ ಇವರ ಮೇಲೆ. ಮುಂದಿಟ್ಟ ಗಂಜಿ ತಣ್ಣಗಾಗುತ್ತಿತ್ತು, ಇವರು ಗೋಡೆ ನೋಡುತ್ತಿದ್ದರು. ಅಂಚು ತುಂಡಾದ ಹಳೆಯ ಹರಿವಾಣದಲ್ಲಿ ಮೆಣಸು ಒಣಗಿಸುತ್ತ ನಾನು ಇವರನ್ನು ನೋಡುತ್ತಿದ್ದೆ. ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು.

ನಾನು ಆ ಕುಟುಂಬದವಳಲ್ಲ. ನಮ್ಮಲ್ಲಿ ದೈವ ತಾಯಿಯ ಕಡೆಯಿಂದ ಬರುವುದು. ಗಂಡನ ದೈವದ ವಿಷಯದಲ್ಲಿ ಹೆಂಡತಿಯ ಮಾತು ಊಟಕ್ಕಿಲ್ಲದ ಉಪ್ಪಿನಕಾಯಿ. ಅಲ್ಲಿ ಬಾಯಿ ಹಾಕುವ ಹಕ್ಕಿದ್ದದ್ದು ಇವರ ತಂಗಿ ವಾರಿಜಾಕ್ಷಿಗೆ, ಅವಳ ಮಗಳು ಅಶ್ಮಿತಾಳಿಗೆ.

ಅಶ್ಮಿತಾಳಿಗೆ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಮನೆ, ದೈವಸ್ಥಾನ, ಇಗರ್ಜಿಗಳಲ್ಲಿರುವ ಹಳೆಯ ವಸ್ತುಗಳ ಫೋಟೊ, ಅಳತೆ, ತೂಕ, ಗುರುತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ದಾಖಲಿಸಿಡುತ್ತಾರೆ. ಕದ್ದ ಮಾಲು ಮುಂದೆ ಎಲ್ಲಿ ಸಿಕ್ಕಿದರೂ ಯಾರದೆಂದು ತಿಳಿಯಬೇಕಲ್ಲ. ಎರಡು ವರ್ಷದ ಹಿಂದೆ ಅವಳು ಕಾಡಿ ಬೇಡಿ ಮೊಗದ ದಾಖಲೆಗೂ ಇವರನ್ನು ಒಪ್ಪಿಸಿದ್ದಳು. ಎರಡೂ ಕಿವಿಗೆ ಅಡಿಕೆಯ ಹೂಗೊನೆ, ಹಿಂಗಾರ, ಮುಡಿಸಿದ ಮೇಲೆಯೇ ಇವರು ಫೋಟೊಗೆ ಬಿಟ್ಟದ್ದು.

“ಮಾವ, ಊನ, ದುರಸ್ತಿ ಅಂತ ಒಂದು ಕಾಲಂ ಉಂಟು. ಎಂತ ಹಾಕಲಿ?” ಎಂದು ಅವಳು ಕೇಳಿದ್ದಳು.

“ಎಂತದೂ ಇಲ್ಲ.”

“ಹಿಂದೆ ತಿರುಗಿಸಿ ಒಂದು ಫೋಟೊ?”

“ಎದುರಿನದ್ದು ಸಾಕು. ದೈವವನ್ನು ಬೆನ್ನು ತಿರುಗಿಸಿ ಕೂರಿಸುವ ಕ್ರಮ ಇಲ್ಲ ನಮ್ಮಲ್ಲಿ.”

ಅವಳು ‘ಊನ ಇಲ್ಲ’ ಎಂದು ಒತ್ತಿದಳು.

ಕಳವಾದ ಕೆಲವು ತಿಂಗಳಿಗೆ ಆ ದಾಖಲೆ ಕೆಲಸಕ್ಕೆ ಬಂತು. ಬಂದರಿನ ಒಂದು ಗೋದಾಮಿನಲ್ಲಿ, ವಿದೇಶಕ್ಕೆ ಹೊರಟ ಪೆಟ್ಟಿಗೆಯೊಳಗೆ, ಹೊಸ ಕಾಲುದೀಪಗಳ ಅಡಿಯಲ್ಲಿ ಒಂದು ಮೊಗ ಸಿಕ್ಕಿತು. ಪೊಲೀಸರು ಅದರ ಚಿತ್ರವನ್ನು ಅಶ್ಮಿತಾಳ ಸಂಸ್ಥೆಗೆ ಕಳುಹಿಸಿದರು. ಕಂಪ್ಯೂಟರು ನಮ್ಮದನ್ನೇ ಎತ್ತಿ ತೋರಿಸಿತು. ಅವಳ ಜೊತೆ ನಾವಿಬ್ಬರೂ ಠಾಣೆಗೆ ಓಡಿದೆವು.

ಮೊಗ ಮೇಜಿನ ಮೇಲಿತ್ತು. ಇವರು ಚಪ್ಪಲಿ ಕಳಚಿ ಕೈಮುಗಿದರು. ಗೋದಾಮಿನ ಮಾಲೀಕ ಚಿತ್ತರಂಜನ ಮಾತ್ರ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

“ಸಾರ್, ಈ ತರದ ಮೊಗ ಊರಿಡೀ ಉಂಟು,” ಎಂದ ಅವನು ಎಸ್‌ಐ ಮುಖೇಶ್ ಅವರಿಗೆ. “ನಾನು ಕುಂದಾಪುರ ಕಡೆಯ ಒಂದು ಮನೆಯಿಂದ ತೆಗೊಂಡದ್ದು. ಇವರದ್ದೇ ದಾಖಲೆ ಓದಿ, ಊನ ಇಲ್ಲ ಅಂತ ಬರೆದಿದ್ದಾರೆ. ಇದಕ್ಕೆ ನೋಡಿ, ಎಡಗಿವಿ ಮುರಿದು ತೇಪೆ ಹಾಕಿದ್ದುಂಟು. ಇದು ಇವರದ್ದು ಹೇಗಾಗ್ತದೆ?”

ಮುಖೇಶ್ ಮೊಗವನ್ನು ತಿರುಗಿಸಿದರು. ಎಡಗಿವಿಯ ಹಿಂದೆ ಸಣ್ಣ ಮೊಳೆ ಹೊಡೆದ ತೇಪೆ ಇತ್ತು.

“ಅಳತೆ, ತೂಕ ಸರಿ ಬರ್ತದೆ,” ಎಂದರು ಅವರು. “ಆದರೆ ಇಷ್ಟು ದೊಡ್ಡ ವ್ಯತ್ಯಾಸ ಇರುವಾಗ ನಿಮ್ಮದು ಅಂತ ನಾನು ಬರೆಯುವುದು ಹೇಗೆ? ನಿಮಗೆ ಹೇಳ್ಲಿಕ್ಕೆ ಎಂತಾದ್ರೂ ಉಂಟಾ?”

ಚಿತ್ತರಂಜನನ ಮುಖದ ನೀರಿಳಿಸಬೇಕೆಂದು ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಇವರ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. ತೇಪೆ ಇವರಿಗೆ ಹೊಸದಲ್ಲ ಎಂದು ಆಗ ತಿಳಿಯಿತು.

ಒಡೆದದ್ದಕ್ಕೆ ಪೂಜೆಯಿಲ್ಲ. ಭಿನ್ನವಾದ ಮೊಗವನ್ನು ನೀರಿಗೆ ಬಿಟ್ಟು ಹೊಸದು ಮಾಡಿಸಬೇಕು ಎನ್ನುತ್ತಾರೆ ಹಿರಿಯರು. ತೇಪೆಯನ್ನು ಒಪ್ಪಿಕೊಂಡರೆ ಮೊಗ ಹೊಳೆಗೆ, ಒಪ್ಪದಿದ್ದರೆ ಹಡಗಿಗೆ. ಅಷ್ಟೇ ಅಲ್ಲ, ಇಷ್ಟು ವರ್ಷ ಕುಟುಂಬದಲ್ಲಿ ಆದ ಸಾವುನೋವಿಗೆಲ್ಲ ಆ ಮುರಿದ ಕಿವಿಯೇ ಕಾರಣ ಎನ್ನುವವರಿಗೆ ನಮ್ಮಲ್ಲಿ ಬರವಿಲ್ಲ. ಇವರು ಮೊಗವನ್ನು ನೋಡಿದರು, ನನ್ನನ್ನು ನೋಡಿದರು.

“ನನ್ನ ಕೈಯಿಂದ ಬಿದ್ದದ್ದು,” ಎಂದರು. “ಯಜಮಾನಿಕೆ ಸಿಕ್ಕಿದ ವರ್ಷ. ಬಾವಿಕಟ್ಟೆಯಲ್ಲಿ ಹುಳಿ ಹಾಕಿ ತೊಳೆಯುವಾಗ ಜಾರಿತು. ಯಾರಿಗೂ ಹೇಳ್ಲಿಲ್ಲ. ನೀರಿಗೆ ಬಿಡ್ಲಿಕ್ಕೆ ಹೇಳ್ತಾರೆ ಅಂತ ಹೆದರಿಕೆ. ಗುಟ್ಟಾಗಿ ತೇಪೆ ಹಾಕಿಸಿದೆ.”

“ಕಣ್ಣೆದುರು ತೇಪೆ ನೋಡಿ ಆದ ಮೇಲೆ ಯಾರು ಬೇಕಾದ್ರೂ ಹೇಳಬಹುದು ಮಾರಾಯ್ರೆ,” ಎಂದು ಚಿತ್ತರಂಜನ ನಕ್ಕ.

“ಪೇಟೆಯ ತಗಡು ಹಾಕ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅಮ್ಮನ ಹರಿವಾಣದ ಅಂಚು ಕತ್ತರಿಸಿ ಕೊಟ್ಟೆ.” ಇವರು ನನ್ನ ಕಡೆ ತಿರುಗಿದರು. “ನಳಿನಾಕ್ಷಿ, ಅದು ಮನೆಯಲ್ಲಿ ಉಂಟಲ್ಲ?”

ಆ ಅಂಚಿಗಾಗಿ ನಾನು ಇವರಿಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಇಲಿ ತಿಂದಿರಬೇಕು ಎಂದಿದ್ದರು ಮಹಾನುಭಾವರು. ಹಿತ್ತಾಳೆ ತಿನ್ನುವ ಇಲಿ! ಆ ಸಿಟ್ಟಿಗೇ ನಾನು ಅತ್ತೆಯ ಹರಿವಾಣವನ್ನು ಮೆಣಸಿನ ಪಾಲು ಮಾಡಿದ್ದೆ. ಈಗ ಬೈಯಲು ಸಮಯವಿರಲಿಲ್ಲ. ರಿಕ್ಷಾ ಹತ್ತಿ ಕಾವೂರಿಗೆ ಹೋದೆ, ಮೆಣಸನ್ನು ನೆಲಕ್ಕೆ ಸುರಿದೆ, ಹರಿವಾಣ ಹಿಡಿದು ಅದೇ ರಿಕ್ಷಾದಲ್ಲಿ ವಾಪಸು ಬಂದೆ.

ಮುಖೇಶ್ ಅದನ್ನು ಕೈಗೆತ್ತಿಕೊಂಡು ಮೊದಲು ಚೆನ್ನಾಗಿ ಸೀನಿದರು. ಆಮೇಲೆ ಅದರ ಅಂಚನ್ನು ತೇಪೆಯ ಪಕ್ಕಕ್ಕೆ ಹಿಡಿದರು. ಹರಿವಾಣದ ಅಂಚಿನಲ್ಲಿ ಕೊರೆದ ಬಳ್ಳಿ ಎಲ್ಲಿ ತುಂಡಾಗಿತ್ತೋ ಅಲ್ಲಿಂದಲೇ ಮೊಗದ ಕಿವಿಯ ಹಿಂದೆ ಮುಂದುವರಿದಿತ್ತು. ಅರ್ಧ ಎಲೆ ಇಲ್ಲಿ, ಅರ್ಧ ಎಲೆ ಅಲ್ಲಿ. ಚಿತ್ತರಂಜನ ಕಾಲು ಇಳಿಸಿದ.

ಕೋರ್ಟಿನ ಅಪ್ಪಣೆಯಾಗಿ ಮೊಗ ಮನೆಗೆ ಬಂದ ದಿನ ಕುಟುಂಬದವರೆಲ್ಲ ಚಾವಡಿಯಲ್ಲಿ ಸೇರಿದರು. ಸಂತೋಷಕ್ಕಿಂತ ಗುಸುಗುಸುವೇ ಹೆಚ್ಚಿತ್ತು. ಭಿನ್ನವಾದದ್ದನ್ನು ಮಂಚಕ್ಕೆ ಏರಿಸುವ ಕ್ರಮ ಉಂಟಾ ಎಂದು ಹಿರಿಯರೊಬ್ಬರು ಕೇಳಿಯೇಬಿಟ್ಟರು.

ಇವರು ಎದ್ದು ನಿಂತರು. ಕೈ ಜೋಡಿಸಿದರು.

“ತಪ್ಪು ನನ್ನದು. ಯಜಮಾನಿಕೆ ಬಿಡ್ತೇನೆ. ಅದನ್ನು ಮಾತ್ರ ನೀರಿಗೆ ಹಾಕ್ಬೇಡಿ.”

ಎಲ್ಲರೂ ವಾರಿಜಾಕ್ಷಿಯ ಕಡೆ ನೋಡಿದರು. ದೂರಲು ಕಾರಣ ಇದ್ದದ್ದು ಅವಳಿಗೇ. ಅವಳ ಗಂಡ ದುಬೈಯಲ್ಲಿ ಕೆಲಸದ ಜಾಗದಲ್ಲೇ ಕುಸಿದು ತೀರಿಕೊಂಡದ್ದು ಮೊಗ ಬಿದ್ದ ಮರುವರ್ಷ.

“ಅವರು ಹೋದ ಮೇಲೆ ನಾನು ದಿನಾ ಇದರ ಎದುರು ಕೂತು ಅತ್ತದ್ದು,” ಎಂದಳು ವಾರಿಜಾಕ್ಷಿ. “ಅಳ್ತಾ ಅಳ್ತಾ ಒಂದು ದಿನ ಎದ್ದು ಮಗಳಿಗೆ ಅನ್ನ ಬೇಯಿಸ್ಲಿಕ್ಕೆ ಆಯ್ತು. ಇದು ನನ್ನ ಕಷ್ಟ ಕೇಳಿದೆ ಅಣ್ಣ. ಯಾವ ಕಿವಿಯಲ್ಲಿ ಅಂತ ನಾನು ನೋಡ್ಲಿಲ್ಲ.”

ಪ್ರಶ್ನೆ ಎತ್ತಿದ್ದ ಹಿರಿಯರು ತಲೆ ತಗ್ಗಿಸಿದರು. ಮುಂದಿನದ್ದನ್ನು ನೇಮದ ದಿನ ದೈವದ ಹತ್ತಿರವೇ ಕೇಳೋಣ, ಅಲ್ಲಿಯವರೆಗೆ ಯಜಮಾನನೂ ಇರಲಿ, ಮೊಗವೂ ಇರಲಿ ಎಂದರು. ಹರಿವಾಣವನ್ನು ನಾನು ಉಜ್ಜಿ ತೊಳೆದು, ಹಿಂಗಾರ ಇಟ್ಟು, ಮಂಚದ ಎದುರಿಟ್ಟೆ. ಇವರು ಅದರಲ್ಲಿದ್ದ ಹಿಂಗಾರವನ್ನು ತೆಗೆದು ಬಲಗಿವಿಗೆ ಮುಡಿಸಿದರು, ಎಡಗಿವಿಯನ್ನು ಹಾಗೆಯೇ ಬಿಟ್ಟರು.

ಅಶ್ಮಿತಾ ಲ್ಯಾಪ್‌ಟಾಪ್ ತೆರೆದು ಕಾಯುತ್ತಿದ್ದಳು. ಅವಳು ಕೇಳುವ ಮೊದಲೇ ಇವರು ಮೊಗವನ್ನು ಎತ್ತಿ, ಮಗುವನ್ನು ಮಗ್ಗುಲಿಗೆ ಮಲಗಿಸುವ ಹಾಗೆ ಮೆಲ್ಲನೆ ಹಿಂದೆ ತಿರುಗಿಸಿದರು.

“ಫೋಟೊ ತೆಗಿ,” ಎಂದರು. “ಊನದ ಕಾಲಮ್ಮಿನಲ್ಲಿ ಬರಿ. ಎಡಗಿವಿ. ಲೋಕಯ್ಯನ ಕೈಯಿಂದ ಬಿದ್ದದ್ದು. ಅಮ್ಮನ ಹರಿವಾಣದಿಂದ ಸರಿ ಮಾಡಿದ್ದು.”