ಭೀಮಕ್ಕನ ಹಾಡ್‌ಡಿಸ್ಕು

ಲಕ್ಷ್ಮಣಪ್ಪ ಗಂಗಾವತಿ ಡಿಪೋದ ಬಸ್ ಕಂಡಕ್ಟರ್. ಟಿಕೆಟ್ ಕೊಡುವುದು ಸಂಬಳದ ಕೆಲಸ, ಹೆಂಡತಿಯ ಬಗ್ಗೆ ಕೊಚ್ಚಿಕೊಳ್ಳುವುದು ಮನಸ್ಸಿನ ಕೆಲಸ. ಕನಕಗಿರಿಯಲ್ಲಿ ಬಸ್ ಹತ್ತಿದವರು ಗಂಗಾವತಿ ಮುಟ್ಟುವುದರೊಳಗೆ, ಅವನ ಹೆಂಡತಿ ಭೀಮಕ್ಕ ಟೀವಿಯಲ್ಲಿ ಬೀಸುವ ಪದ ಹಾಡಿದ್ದಾಳೆಂಬ ಸುದ್ದಿಯನ್ನು ಬೇಕೋ ಬೇಡವೋ ಕೇಳಲೇಬೇಕು. ನಂಬದವರನ್ನು ಮನೆಗೇ ಕರೆಯುತ್ತಿದ್ದ. ಬಂದವರಿಗೆ ಮೊದಲು ಚಹಾ, ಒಗ್ಗರಣೆ ಮಂಡಕ್ಕಿ, ಆಮೇಲೆ ಹಾಡು. ಹಾಡು ಶುರುವಾಗುತ್ತಲೇ ಭೀಮಕ್ಕ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ನಾಚಿಕೆ ಸ್ವಭಾವದವಳು ಎಂದು ಅವನು ಅದಕ್ಕೂ ಹೆಮ್ಮೆಪಡುತ್ತಿದ್ದ.

ಹಾಡು ಇದ್ದದ್ದು ಟೀವಿಯ ಕೆಳಗಿನ ಕಪ್ಪು ಡಿಶ್ ಪೆಟ್ಟಿಗೆಯಲ್ಲಿ. 2011ರಲ್ಲಿ ಒಂದು ಚಾನೆಲ್ಲಿನವರು ಕನಕಗಿರಿಗೆ ಬಂದು ಭೀಮಕ್ಕನ ಹಾಡು ತೆಗೆದುಕೊಂಡು ಹೋಗಿದ್ದರು. ಅದು ಟೀವಿಯಲ್ಲಿ ಬರುವ ಹೊತ್ತಿಗೆ ತನಗೆ ಡ್ಯೂಟಿ ಬಿದ್ದರೆ ಗತಿಯೇನು? ಲಕ್ಷ್ಮಣಪ್ಪ ಕೊಪ್ಪಳಕ್ಕೆ ಹೋಗಿ, ಬಂದ ಕಾರ್ಯಕ್ರಮವನ್ನು ಒಳಗೇ ಹಿಡಿದಿಟ್ಟುಕೊಳ್ಳುವಂಥ ಪೆಟ್ಟಿಗೆಯನ್ನೇ ತಂದು ಮಾಳಿಗೆ ಮೇಲಿನ ಡಿಶ್ ಛತ್ರಿಗೆ ಜೋಡಿಸಿದ. ಅಂದಿನಿಂದ ಆರು ವರ್ಷ ಆ ಪೆಟ್ಟಿಗೆ ಮನೆಯ ದೇವರ ಜಗುಲಿಗಿಂತ ಒಂದು ಗುಲಗಂಜಿಯಷ್ಟೇ ಕಡಿಮೆ.

ಈ ವರ್ಷ ಅದು ಕೈಕೊಟ್ಟಿತು. ಎರಡನೆಯ ಸಾಲಿಗೆ ಬರುತ್ತಲೇ ಒಳಗೆ ಕಟಕಟ ಸದ್ದು, ಪರದೆಯ ಮೇಲೆ ಭೀಮಕ್ಕ ಬಾಯಿ ತೆರೆದವಳು ತೆರೆದಂತೆಯೇ ನಿಂತುಬಿಡುವಳು. ಅದೂ ಎಂಥ ಹೊತ್ತಿನಲ್ಲಿ! ಹದಿನೈದು ದಿನಗಳ ಹಿಂದಷ್ಟೇ ಅದೇ ಚಾನೆಲ್ಲಿನವರು ಮತ್ತೆ ಬಂದು, ಅವನು ಡ್ಯೂಟಿಯಲ್ಲಿದ್ದಾಗ, ಅವಳ ಹಾಡು ತೆಗೆದುಕೊಂಡು ಹೋಗಿದ್ದರು. ಬರುವ ಭಾನುವಾರ ಟೀವಿಯಲ್ಲಿ ಬರುವುದಿತ್ತು.

‘ಹಾಡ್‌ಡಿಸ್ಕ್ ಹೋಗೈತ್ರಿ’ ಎಂದು ಡಿಶ್ ಕಂಪನಿಯವರು ಯಾರೋ ಫೋನಿನಲ್ಲಿ ಹೇಳಿದರು. ಲಕ್ಷ್ಮಣಪ್ಪನಿಗೆ ಅದು ತಕ್ಷಣ ಅರ್ಥವಾಯಿತು. ಹಾಡು ಇಡುವ ಡಿಸ್ಕು, ಅದಕ್ಕೇ ಹಾಡ್‌ಡಿಸ್ಕು! ಕನಕಗಿರಿಯ ಮೊಬೈಲ್ ಅಂಗಡಿಗೆ ಹೋಗಿ ಕೇಳಿದ. ಅಂಗಡಿಯವನು ಉಗುರಿನಷ್ಟು ಮೆಮೊರಿ ಚಿಪ್ಪಿನಲ್ಲಿ ಡೊಳ್ಳಿನ ಪದ, ಭಜನೆ, ಸಿನೆಮಾ ಹಾಡು ಎಲ್ಲವನ್ನೂ ಒತ್ತಿ ತುಂಬಿ ಕೈಗಿಟ್ಟ. ಪೆಟ್ಟಿಗೆಯಲ್ಲಿ ಅದನ್ನು ತೂರಿಸಲು ತೂತು ಹುಡುಕುತ್ತ ಲಕ್ಷ್ಮಣಪ್ಪ ಒಂದು ಸಂಜೆ ಕಳೆದ. ಭೀಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದೇ ನಕ್ಕದ್ದು.

‘ಗಂಗಾವತಿಗೆ ಹೋಗೂನ್ರಿ. ನಾನೂ ಬರ್ತೀನಿ’ ಎಂದಳು.

ಯಾವತ್ತೂ ಆ ಪೆಟ್ಟಿಗೆಯ ಗೊಡವೆಗೆ ಹೋಗದವಳು ಹೀಗೆಂದದ್ದು ಅವನಿಗೆ ಸೋಜಿಗವಾಯಿತು. ಶನಿವಾರ ಅವಳು ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಗಂಡನ ಬಸ್ಸಿನಲ್ಲೇ ಕುಳಿತಳು.

ಗಂಗಾವತಿಯ ಹೈದರಸಾಬ ಟೀವಿ ರಿಪೇರಿಯಲ್ಲಿ ಹಳೆಯ ಕೈ. ಪೆಟ್ಟಿಗೆ ಬಿಚ್ಚಿ, ಒಳಗಿನ ತಗಡಿನ ಡಿಸ್ಕನ್ನು ಕಿವಿಗೆ ಹಿಡಿದು, ತಲೆ ಅಲ್ಲಾಡಿಸಿದ. ಆಮೇಲೆ ಮೇಜಿನ ಮೇಲೆ ಮೂರು ಡಿಸ್ಕುಗಳನ್ನು ಇಟ್ಟ.

‘ನೋಡ್ರಿ ಕಂಡಕ್ಟರ್ ಸಾಹೇಬ್ರ, ಈ ದೊಡ್ಡದು ಕಂಪ್ಯೂಟರಿಂದು. ಜಾಗಾ ಭಾಳ ಐತಿ, ಆದ್ರ ನಿಮ್ಮ ಪೆಟ್ಟಿಗಿ ಹಳೇದು, ಇಷ್ಟು ದೊಡ್ಡದನ್ನ ಗುರುತ ಹಿಡಿಯಂಗಿಲ್ಲ. ಇದು ಬಿಡ್ರಿ.’

‘ಬಿಟ್ಟೆ.’

‘ಈ ಎರಡನೇದು ಹೊಸಾದು. ಅಂಗಡ್ಯಾಗ ಕ್ಯಾಮರಾ ಕೂಡಸ್ತಾರಲ್ಲ, ಅದಕ್ಕ ಹಾಕೋದು. ಹಗಲು ರಾತ್ರಿ ಬರಕೊಂಡ್ರೂ ದಣಿಯಂಗಿಲ್ಲ. ನಿಮ್ಮ ಪೆಟ್ಟಿಗಿಗೆ ಅಳತಿ ಸರಿ. ನಾಳಿ ಪ್ರೋಗ್ರಾಮು ಒಂದಕ್ಷರ ತಪ್ಪದಂಗ ಹಿಡಿತೈತಿ. ಆದ್ರ ಹಳೇ ಹಾಡು ಇದ್ರಾಗ ಬರಂಗಿಲ್ಲ. ಪೆಟ್ಟಿಗಿ ಮೊದಲ ಇದನ್ನ ಪೂರಾ ಒರಸಿ, ಆಮ್ಯಾಲ ತನ್ನದು ಅಂತ ಒಪ್ಕೊಂತೈತಿ.’

‘ಹಳೇ ಹಾಡು ಹೋದ್ರ ಹೆಂಗ ಹೈದರಸಾಬ? ಅದಕ್ಕ ಅಲ್ಲೇನು ಬಂದಿದ್ದು!’

‘ಅದಕ್ಕ ಈ ಮೂರನೇದು. ನಿಮ್ಮಂಥದೇ ಪೆಟ್ಟಿಗಿಯಿಂದ ಬಿಚ್ಚಿದ್ದು, ಅದೇ ಕಂಪನಿ, ಅದೇ ನಮೂನಿ. ನಿಮ್ಮ ಡಿಸ್ಕಿನ್ಯಾಗ ಇನ್ನೂ ಚೂರು ಜೀವ ಐತಿ, ಹಳೇ ಹಾಡು ಇದಕ್ಕ ನಕಲ ಮಾಡಿ ಕೊಡ್ತೀನಿ. ಆದ್ರ ಇದೂ ಮುದುಕ ಆಗೇತ್ರಿ. ನಾಳಿ ಹಿಡದ್ರೂ ಹಿಡದೀತು, ನಡುವ ಕೈಬಿಟ್ರೂ ಬಿಟ್ಟೀತು. ನಾ ಜವಾಬ್ದಾರ ಅಲ್ಲ.’

ಲಕ್ಷ್ಮಣಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. ಮೂರನೆಯದನ್ನು ಎತ್ತಿಕೊಂಡ. ಇದ್ದ ಹಾಡನ್ನು ಕೈಯಾರೆ ಕಳೆದುಕೊಳ್ಳುವುದುಂಟೆ?

‘ಅದು ಬ್ಯಾಡ್ರಿ. ಖಾಲೀದ ಹಾಕಸ್ರಿ’ ಎಂದಳು ಭೀಮಕ್ಕ.

‘ನಿನಗ ತಿಳಿಯಂಗಿಲ್ಲ. ನಿನ್ನ ಹಾಡು ಹೋಗತೈತಿ!’

‘ಅದು ನನ್ನ ಹಾಡಲ್ಲ.’

ಹೈದರಸಾಬನ ಕೈಯ ಸ್ಕ್ರೂ ಡ್ರೈವರ್ ಅಲ್ಲೇ ನಿಂತಿತು. ಲಕ್ಷ್ಮಣಪ್ಪ ಹೆಂಡತಿಯ ಮುಖ ನೋಡಿದ. ತಮಾಷೆಯ ಸುಳಿವೇ ಇರಲಿಲ್ಲ.

‘ನೀವಿಬ್ರೂ ಕೇಳ್ರಿ’ ಎಂದು ಅವಳು ಗಂಟಲು ಸರಿಪಡಿಸಿಕೊಂಡಳು. ಅಂಗಡಿಯೆಂದೂ ನೋಡಲಿಲ್ಲ, ರಸ್ತೆಯೆಂದೂ ನೋಡಲಿಲ್ಲ. ಹಾಡಿಯೇ ಬಿಟ್ಟಳು:

‘ಮನಿ ಮುಂದ ಜ್ವಾಳದ ತೆನಿ, ತೆನಿ ಮ್ಯಾಲ ಗಿಣಿ ದನಿ,
ದನಿ ಕೇಳಿ ಬಾರೋ ನನ ತಮ್ಮಾ...’

‘ಇದು ನಮ್ಮವ್ವ ನನ್ನ ತವರೂರು ಇಟಗ್ಯಾಗ ಬೀಸ್ಕೊಂತ ಹಾಡಿದ್ದು. ಮನಿ, ತೆನಿ, ದನಿ, ಒಂದಕ್ಕೊಂದು ಹೆಂಗ ಕೂಡ್ತಾವ ನೋಡ್ರಿ. ಆವಾಗ ಚಾನೆಲ್ಲಿನ ಹುಡುಗಿ ಏನಂದ್ಳು? ಅಮ್ಮಾ, ಎಲ್ಲಾ ಕಡೆ ಜನ ನೋಡ್ತಾರೆ, ಮನೆ ಅನ್ನಿ, ತೆನೆ ಅನ್ನಿ, ಜೋಳ ಅನ್ನಿ. ಅಂಜಿಕ್ಯಾಗ ನಾ ಹಂಗ ಅಂದೆ. ಮನೆ ಆತು, ತೆನೆ ಆತು. ದನಿ ಏನ್ ಮಾಡ್ಲಿ? ದನೆ ಅನ್ಲೇನು? ಅದೊಂದ ಹೊರಗ ನಿಂತು ಬಿಡ್ತು. ನೀವು ಆರು ವರ್ಷ ಊರ ಮಂದಿಗೆಲ್ಲ ಅದನ್ನ ತೋರ್ಸೀರಿ. ಹಚ್ಚಿದಾಗೊಮ್ಮಿ ನಮ್ಮವ್ವನ ಬಾಯಾಗ ಯಾರೋ ಕಲ್ಲು ಹಾಕಿದಂಗ ಆಗ್ತಿತ್ತು. ಅದಕ್ಕ ಒಳಗ ಹೊಕ್ಕಿದ್ದೆ.’

ನಾಚಿಕೆಯೆಂದು ಲಕ್ಷ್ಮಣಪ್ಪ ಬಸ್ಸಿನ ತುಂಬ ಹೇಳಿಕೊಂಡು ತಿರುಗಿದ್ದು ಸಂಕಟವಾಗಿತ್ತು! ತನ್ನ ಮನೆಯಲ್ಲಿ, ತನ್ನ ಕಣ್ಣೆದುರಿಗೆ! ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

‘ಯಾಕ ಸುಮ್ನಿದ್ದಿ ಇಷ್ಟು ವರ್ಷ?’

‘ನಿಮ್ಮ ಮಾರಿ ನೋಡಿ. ಅಷ್ಟು ಖುಷೀಲೆ ತೋರಸ್ತಿದ್ರಿ, ಹೆಂಗ ಹೇಳ್ಲಿ?’

ಹೈದರಸಾಬ ಕೆಮ್ಮಿದ. ‘ಅಕ್ಕಾರ, ಈ ಸಲಾನೂ ಹಂಗ ಹಾಡ್ಸ್ಯಾರೇನು? ಹಂಗಿದ್ರ ಹೊಸ ಡಿಸ್ಕಿಗೆ ಯಾಕ ತ್ರಾಸು?’

ಭೀಮಕ್ಕ ಸೆಟೆದು ಕುಳಿತಳು. ‘ಈ ಸಲಾನೂ ಅದನ್ನ ಅಂದ್ರು. ಮನಿ ಅಂದ್ರ ಹಾಡ್ತೀನಿ, ಇಲ್ಲಾಂದ್ರ ನನಗ ಹೊಲ್ದಾಗ ಕಳೆ ತೆಗಿಯೂದು ಐತಿ, ಹೋಗ್ತೀನಿ ಅಂದೆ. ಎದ್ದು ಬಾಗಲಾ ದಾಟಿದ್ದೆ. ಹಿಂದ ಕರದ್ರು. ಎಲ್ಲಾ ಪದ ನಮ್ಮವ್ವ ಹಾಡಿದಂಗ ಹಾಡೀನಿ.’

ಟೀವಿಯವರ ಮುಂದಿನಿಂದ ಎದ್ದು ಬಂದಳೇ! ಲಕ್ಷ್ಮಣಪ್ಪನ ಎದೆ ಉಬ್ಬಿತು. ಡಿಪೋದಲ್ಲಿ ಮ್ಯಾನೇಜರ್ ಗದರಿದರೆ ತಾನು ಒಂದು ಮಾತು ಎದುರಾಡಿದವನಲ್ಲ. ಇವಳು ಅಂಥ ಕ್ಯಾಮರಾದವರಿಗೆ ಬೆನ್ನು ತಿರುಗಿಸಿ, ತಾಯಿಯ ಪದವನ್ನು ಉಳಿಸಿಕೊಂಡು ಬಂದಿದ್ದಾಳೆ. ಬಂದವಳು ಗಂಡನೆದುರು ಅದನ್ನು ಬಾಯಿಬಿಟ್ಟು ಹೇಳಿಕೊಂಡೂ ಇಲ್ಲ. ಕೊಚ್ಚಿಕೊಳ್ಳಬೇಕಾದದ್ದು ಇದನ್ನು, ಇಷ್ಟು ದಿನ ತಾನು ಕೊಚ್ಚಿಕೊಂಡದ್ದು ಯಾವುದನ್ನೋ.

ಆದರೂ ಕೈಯಲ್ಲಿದ್ದ ಮೂರನೆಯ ಡಿಸ್ಕನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಅದಕ್ಕೆ ನಕಲಾಗಬೇಕಿದ್ದ ಹಳೆಯ ಹಾಡಿನಲ್ಲಿ ಆರು ವರ್ಷ ಚಿಕ್ಕವಳಾದ ಭೀಮಕ್ಕ ಹಸಿರು ಇಳಕಲ್ ಸೀರೆಯುಟ್ಟು ಕುಳಿತಿದ್ದಳು. ಆ ಸೀರೆ ಅವನೇ ಕುಷ್ಟಗಿ ಸಂತೆಯಿಂದ ತಂದದ್ದು. ಭೀಮಕ್ಕ ಒತ್ತಾಯ ಮಾಡಲಿಲ್ಲ, ಅವನ ಕಡೆ ನೋಡಲೂ ಇಲ್ಲ.

ಅವನೇ ಅದನ್ನು ಮೇಜಿನ ಮೇಲಿಟ್ಟ.

‘ಖಾಲೀದ ಹಾಕು ಹೈದರಸಾಬ’ ಎಂದ.

ಹೊಸ ಡಿಸ್ಕನ್ನು ಕೂರಿಸಿ ಪೆಟ್ಟಿಗೆ ಹಚ್ಚಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು. ಎಲ್ಲ ಒರೆಸಲೇ ಎಂದು ಕೇಳುತ್ತಿದೆ ಎಂದ ಹೈದರಸಾಬ. ಲಕ್ಷ್ಮಣಪ್ಪ ರಿಮೋಟನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಗುಂಡಿ ಒತ್ತಿದಳು.

ಮರುದಿನ ಓಣಿಯ ಜನವೆಲ್ಲ ಪಡಸಾಲೆಯಲ್ಲಿ ಸೇರಿತು. ಪೆಟ್ಟಿಗೆಯ ಕೆಂಪು ದೀಪ ಹತ್ತಿತು, ಹೊಸ ಡಿಸ್ಕು ಸದ್ದಿಲ್ಲದೆ ಬರೆದುಕೊಂಡಿತು. ಪರದೆಯ ಮೇಲೆ ಭೀಮಕ್ಕ ‘ಮನಿ’ ಎಂದಳು, ‘ತೆನಿ’ ಎಂದಳು. ಗೋಡೆಗೆ ಒರಗಿದ್ದ ಮುದುಕಿಯರು ಮುಂದಿನದನ್ನು ತಾವೇ ಎತ್ತಿಕೊಂಡು, ಟೀವಿಯ ಜೊತೆಗೇ ಹಾಡಿ ಮುಗಿಸಿದರು. ಆರು ವರ್ಷದಲ್ಲಿ ಅವರ್ಯಾರೂ ಹಾಗೆ ದನಿಗೂಡಿಸಿದ್ದಿಲ್ಲ.

ಹಾಡು ಮುಗಿದ ಮೇಲೆ ಪಕ್ಕದ ಮನೆಯ ಮುದಕಮ್ಮ ಕೇಳಿದಳು: ‘ಅಲ್ಲೋ ಲಕ್ಷ್ಮಣಪ್ಪ, ಹಳೇದು ಪೂರಾ ಹೋತಂತಲ್ಲೋ? ಅದ್ರಾಗ ಭೀಮಕ್ಕ ಎಷ್ಟು ಲಕ್ಷಣಾಗಿ ಕಾಣ್ತಿದ್ಲು!’

‘ಕಾಣ್ತಿದ್ಲಬೇ’ ಎಂದ ಲಕ್ಷ್ಮಣಪ್ಪ, ಇಡೀ ಪಡಸಾಲೆಗೆ ಕೇಳುವ ಹಾಗೆ. ‘ಅದ್ರಾಗ ಮಾರಿ ಇತ್ತು, ದನಿ ಇರಲಿಲ್ಲ.’